ನಾಲ್ಕು ಗಂಟೆಯ ಚಿತ್ರ

ಬಾಗಾಕಾಯ್, ಪೂರ್ವ ಸಾಮಾರ್
ನವೆಂಬರ್ ೧೯

ಪ್ರೀತಿಯ ತಮ್ಮಾ ಕ್ರಿಸ್ಪುಲೋ,

ಹೇಗಿದ್ದೀಯಪ್ಪಾ? ಹಡಗಿನ ಅಡುಗೆಯವನು ಈಗಲಾದರೂ ಅನ್ನ ಬೇಯಿಸುವುದು ಕಲಿತನೇ? ಬೆನ್ನುನೋವಿಗೆ ಕಳಿಸಿದ ಎಣ್ಣೆ ಮುಗಿದಿದ್ದರೆ ಬರಿ. ಅಪ್ಪ ಚೇತರಿಸಿಕೊಂಡಿದ್ದಾರೆ. ಸುಲಿದ ಅಂಗೈ ಒಣಗಿದೆ; ಗಂಜಿಯಿಂದ ಅನ್ನಕ್ಕೆ, ಅನ್ನದಿಂದ ತೆಂಗಿನ ಹೆಂಡಕ್ಕೆ ಬಡ್ತಿಯೂ ಸಿಕ್ಕಿದೆ. ನಾನೂ ಇದ್ದೇನೆ. ಸುಸ್ತು, ಅಷ್ಟೇ.

ನಮ್ಮ ಹವಾಮಾನ ಕಚೇರಿಯ ಮಾಡಿನ ಮೇಲೆ ಜೂನ್‌ನಲ್ಲಿ ಬುಟ್ಟಿಯಂಥ ಹೊಸ ಆಂಟೆನಾ ಕೂತಿದೆಯೆಂದು ಬರೆದಿದ್ದೆನಲ್ಲ. ಮೊದಲು ಮನಿಲಾದಿಂದ ದಿನಕ್ಕೊಂದು ಚಿತ್ರ ಬಂದರೆ ಹಬ್ಬ. ಈಗ ಜಪಾನಿನ ಉಪಗ್ರಹ ಹತ್ತು ನಿಮಿಷಕ್ಕೊಂದು ಮೋಡದ ಚಿತ್ರವನ್ನು ಪುಕ್ಕಟೆ ಸುರಿಯುತ್ತದೆ. ಬಡ ದೇಶಗಳಿಗೂ ಆಕಾಶ ತೆರೆದಿದೆ ಎಂದು ಉದ್ಘಾಟನೆಗೆ ಬಂದವರು ಭಾಷಣ ಮಾಡಿ, ಸುಟ್ಟ ಹಂದಿ ತಿಂದು ಹೋದರು. ತೆರೆದ ಆಕಾಶವನ್ನು ನೋಡುತ್ತ ಕೂರಲು ನಾನೊಬ್ಬಳೇ. ಚಿತ್ರದ ಮೇಲೆ ಇರುವುದು ಜಪಾನಿನ ಹೊತ್ತೂ ಅಲ್ಲ, ಉಪಗ್ರಹದವರು ಲೋಕಕ್ಕೆಲ್ಲ ಒಂದೇ ಎಂದು ಇಟ್ಟುಕೊಂಡ ಹೊತ್ತು. ನಮ್ಮದು ಅದಕ್ಕಿಂತ ಎಂಟು ಗಂಟೆ ಮುಂದೆ. ಅದನ್ನು ಹೊಡೆದುಹಾಕಿ, ನಮ್ಮ ಹೊತ್ತು ಬರೆದು, ಬೆಳಿಗ್ಗೆ ಸಂಜೆ ದೋಣಿಗಳು ನಿಲ್ಲುವ ಮೀನಿನ ದಕ್ಕೆಯ ಬಾಗಿಲಿಗೆ ಅಂಟಿಸಬೇಕು. ಆಮೇಲೆ ಇಡೀ ಊರಿಗೆ ಉತ್ತರ ಹೇಳಬೇಕು. ಮೀನಿಗೆ ಹೋಗಬೇಡಿ ಎಂದ ದಿನ ಕಡಲು ಸುಮ್ಮನಿದ್ದರೆ ಬಾಸಿಲಿಸಾ ಅತ್ತೆ ಇಗರ್ಜಿಯಲ್ಲೇ ಹಿಡಿದುಕೊಳ್ಳುತ್ತಾಳೆ: "ಏನೇ ದಿವಿನಾ, ಇವತ್ತು ಒಲೆ ಮೇಲೆ ನಿನ್ನ ಮೋಡ ಬೇಯಿಸ್ಲಾ?" ಹೋಗಿ ಎನ್ನಲು ನನಗೆ ಧೈರ್ಯವಿಲ್ಲ. ಅತ್ತ ದರಿ, ಇತ್ತ ಪುಲಿ.

ಅಪ್ಪನಂತೂ ಮೊದಲಿನಿಂದಲೂ ನಗುತ್ತಿದ್ದರು. "ಅಷ್ಟು ಮೇಲಿಂದ ನೋಡೋನಿಗೆ ಅಲೆ ಕಾಣುತ್ತೇನೇ? ನನ್ನ ಮೊಣಕಾಲು ಹೇಳುತ್ತೆ ಬಿಡು." ಹೋದ ತಿಂಗಳು ಆ ಭಾನುವಾರ ಬೆಳಿಗ್ಗೆ ಐದಕ್ಕೆ ಒಬ್ಬರೇ ದೋಣಿ ಇಳಿಸಿದರು. ಎಂಟಕ್ಕೆ ಗಾಳಿ ಎದ್ದಿತು. ಮಗುಚಿದ ದೋಣಿಯನ್ನು ತಬ್ಬಿಕೊಂಡು ಎರಡು ಹಗಲು, ಒಂದು ರಾತ್ರಿ ತೇಲಿದವರನ್ನು ಪಕ್ಕದ ದ್ವೀಪದವರು ಎತ್ತಿಕೊಂಡರು. ನಾನು ಅಷ್ಟು ಹೊತ್ತೂ ಪರದೆಯ ಮುಂದೆ ಕೂತಿದ್ದೆ. ಹತ್ತು ನಿಮಿಷಕ್ಕೊಮ್ಮೆ ಮೋಡ ಕಾಣುತ್ತಿತ್ತು, ಅಪ್ಪ ಕಾಣಲಿಲ್ಲ. ಊರವರು ಕೇಳಿದ್ದಕ್ಕೆಲ್ಲ ಅವರದು ಒಂದೇ ಉತ್ತರ: "ಚಿತ್ರ ಗಿತ್ರ ಯಾರು ನೋಡ್ತಾರೆ? ನಂದೇ ಹಟ." ಅದು ನಿನ್ನ ಕಿವಿಗೂ ಬಿದ್ದು, ನೀನು ಮುದುಕನ ದೋಣಿ ಮಾರಿಬಿಡಿ ಎಂದು ಅಷ್ಟುದ್ದ ಬೈದು ಬರೆದೆ. ಅಪ್ಪ ಓದಿಸಿಕೊಂಡು, ಕಾಗದವನ್ನು ಜೇಬಿನಲ್ಲಿಟ್ಟುಕೊಂಡರು.

ಹೊತ್ತಿಗೆ ಸರಿಯಾಗಿ ಉಣ್ಣು. ಮರಿಯಾತಾಯಿ ನಿನ್ನ ಹಡಗಿನ ಮೇಲೆ ಕಣ್ಣಿಟ್ಟಿರಲಿ.

ನಿನ್ನ ಅಕ್ಕ,
ಲುಡಿವಿನಾ

ತಾ.ಕ.: ಅಂಚೆ ಚೀಲ ಕಟ್ಟುತ್ತಿದ್ದಾರೆ, ಬೇಗ ಬರೆಯುತ್ತೇನೆ. ಫೋನಿನಲ್ಲಿ ಹೇಳಿದರೆ ಅಪ್ಪನಿಗೆ ಕೇಳಿಸುತ್ತದೆ. ಅವರದು ಹಟವಲ್ಲ ಕಣೋ. ಅಂದು ಅವರು ಮೊದಲ ಸಲ ನನ್ನ ಚಿತ್ರವನ್ನು ನಂಬಿದರು. ಹಿಂದಿನ ದಿನ ಶನಿವಾರ ನಾನು ಸುಸ್ತಾಗಿ, ಮಧ್ಯಾಹ್ನ ಹನ್ನೆರಡರ ಚಿತ್ರವನ್ನು ಹೊತ್ತು ತಿದ್ದದೆ ಅಂಟಿಸಿ ಮನೆಗೆ ಬಂದು ಮಲಗಿಬಿಟ್ಟೆ. ಅದರ ಮೇಲೆ ನಾಲ್ಕು ಗಂಟೆ ಎಂದಿತ್ತು. ಅಪ್ಪ ಅದನ್ನು ಆಗಷ್ಟೇ ಅಂಟಿಸಿದ್ದು, ಬೆಳಗಿನ ಜಾವ ನಾಲ್ಕರದ್ದು ಎಂದುಕೊಂಡರು. ಅದರಲ್ಲಿ ಮೋಡವೇ ಇರಲಿಲ್ಲ; ಮೋಡ ಕಟ್ಟಿದ್ದು ಆಮೇಲೆ, ರಾತ್ರಿ. ಅವರ ಹಾಸಿಗೆಯ ಬಳಿ ಕೂತು ಅತ್ತು, ತಪ್ಪು ನನ್ನದೆಂದು ಊರಿಗೆಲ್ಲ ಹೇಳಿಬಿಡುತ್ತೇನೆ ಎಂದೆ. "ಬಾಯಿ ಮುಚ್ಚು, ಕೆಲಸ ಕಳ್ಕೋತೀಯ" ಎಂದರು. ಇನ್ನು ಅವರನ್ನು ಬೈಯಬೇಡ, ನನ್ನನ್ನು ಬೈ. ಈಗ ದಿನಾ ಬೆಳಿಗ್ಗೆ ದಕ್ಕೆಗೆ ಬಂದು, ಚಿತ್ರದ ಮುಂದೆ ನಿಂತು ಮೆಲ್ಲಗೆ ಕೇಳುತ್ತಾರೆ: "ಮಗಾ, ಇದು ಈಗಿನ್ದಾ, ಆಗಿನ್ದಾ?" ನಾನು ಹೇಳಿದ್ದನ್ನು ಇನ್ನೂ ನಂಬುತ್ತಾರೆ.