ಖುರ್ಚಿ ಖಾಲಿ ಐತಿ

ತೋಟದ ಮನೆ, ಕೌಜಲಗಿ ರಸ್ತೆ
೧೦ ಫೆಬ್ರುವರಿ ೨೦೦೨

ಪ್ರೀತಿಯ ಮಗಳು ತ್ರಿಶಲಾಳಿಗೆ ಅವ್ವನ ತುಂಬು ಮನಸ್ಸಿನ ಆಶೀರ್ವಾದ. ಜೈ ಜಿನೇಂದ್ರ.

ನಿನ್ನ ಕಾರ್ಡು ಬಂತು. ಧಾರವಾಡದಲ್ಲಿ ಗೆಳತಿ ದಾಕ್ಷಾಯಿಣಿಯ ಮನೆಯಲ್ಲಿ ಆರಾಮಾಗಿದ್ದೀ ಎಂದು ತಿಳಿದು ಜೀವಕ್ಕೆ ಸಮಾಧಾನವಾಯಿತು. ಕಾರ್ಡಿನ ತುಂಬ ಅದೂ ಇದೂ ಬರೆದು, ಕೊನೆಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀ, "ಅಪ್ಪ ಏನಂದ್ರು?" ಎಂದು. ಫೋನಿನಲ್ಲಿ ಹೇಳೋಣವೆಂದರೆ ಫೋನಿರುವುದು ಪಡಸಾಲೆಯಲ್ಲಿ, ಪಡಸಾಲೆಯಲ್ಲಿ ನಿನ್ನಪ್ಪ. ಹಾಗಾಗಿ ಪತ್ರ. ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ, ಅವಸರಪಟ್ಟು ಕೊನೆಯ ಹಾಳೆ ಮೊದಲು ಓದಬೇಡ.

ಮೊದಲು ನಾನೊಂದು ಮಾತು ಒಪ್ಪಿಕೊಳ್ಳಬೇಕು. ಡಿಸೆಂಬರಿನಲ್ಲಿ ಗೋಕಾಕದಲ್ಲಿ ನಿಮ್ಮ 'ತಕರಾರು' ತಂಡದ ಕ್ಯಾಸೆಟ್ಟು ಬಿಡುಗಡೆಯಾದ ಮಧ್ಯಾಹ್ನ ನಾನು ಅಲ್ಲಿದ್ದೆ. ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ ಬಸ್ಸು ಹತ್ತಿದ್ದೆ. ಹೆಣ್ಣುಮಕ್ಕಳ ಸಾಲಿನಲ್ಲಿ ಹಿಂದಿನ ಬೆಂಚು ಹಿಡಿದು, ಸೆರಗು ತಲೆಯ ಮೇಲೆಳೆದುಕೊಂಡು ಕೂತಿದ್ದೆ. ನಿನ್ನ ಹೆಗಲಿಗೆ ಆ ಗಿಟಾರು ಎಷ್ಟು ಭಾರವೋ ಎಂಬ ಚಿಂತೆಯೇ ನನಗೆ ಹೆಚ್ಚಾಗಿತ್ತು. ನಿಮ್ಮ ಮೊದಲಿನ ಕ್ಯಾಸೆಟ್ಟು ನೆನಪಿತ್ತಲ್ಲ. ಸಿನಿಮಾದವರ ಹಾಗೆ ಪ್ರೇಮದ ಹಾಡು ಹಾಡಿದ್ದಿರಿ, ಬಂಧುಬಳಗದವರು ಬಿಟ್ಟರೆ ಯಾರೂ ಕೊಳ್ಳಲಿಲ್ಲ. ಇದೂ ಹಾಗೇ ಆದರೆ ನೀನು ಅಳುತ್ತೀ, ಆಗ ಹತ್ತಿರ ನಾನಿರಬೇಕು ಅಂತಲೇ ಬಂದಿದ್ದೆ.

ಹತ್ತರಗಿಯ ಈಶ್ವರ ಡ್ರಮ್ಮಿಗೆ ಮೊದಲ ಏಟು ಹಾಕಿದಾಗ ಬೆಂಚು ನಡುಗಿತು. ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಬಾರಿಸುತ್ತಿದ್ದ ಹುಡುಗ ಅವನೇ ಹೌದೋ ಅಲ್ಲವೋ ಎಂದು ಮತ್ತೆ ಮತ್ತೆ ನೋಡಿದೆ. ದಪ್ಪ ತಂತಿಯ ಗಿಟಾರು ಹಿಡಿದ ಹೊಳೆಪ್ಪ ಕಣ್ಣು ಮುಚ್ಚಿ ನಿಂತವನು ತೆರೆಯಲೇ ಇಲ್ಲ. ಡಾಕ್ಟರಿಲ್ಲದ ದವಾಖಾನೆಯ ಹಾಡು ಮುಗಿಯಿತು, ಬಸ್ಸು ನಿಲ್ಲದ ಬಸ್‌ಸ್ಟ್ಯಾಂಡಿನ ಹಾಡು ಮುಗಿಯಿತು. ಆಮೇಲೆ ನೀನು ಮೈಕಿನ ಹತ್ತಿರ ಬಂದು ಹಾಡಿದೆ:

ಬೋರ್ಡಿನ ಮ್ಯಾಲ ಹೆಸರ ಆಕಿದು,
ಕುಂತಾಂವ ಮಾತ್ರ ಆಕಿ ಗಂಡ.
ಸಹಿ ಆಕಿದು, ಶಿಕ್ಕಾ ಯಾರ ಕಿಸೇದಾಗ?
ಹುಡುಕಿ ನೋಡ್ರಿ, ಖುರ್ಚಿ ಖಾಲಿ ಐತಿ.

ನನ್ನ ಮುಖ ಬೆಂಕಿಯಾಯಿತು. ಎರಡು ವರ್ಷದ ಹಿಂದೆ ಪಂಚಾಯಿತಿ ಅಧ್ಯಕ್ಷಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಯಿತೆಂದು ನಿನ್ನಪ್ಪ ನನ್ನನ್ನು ನಿಲ್ಲಿಸಿದರು, ಗೆಲ್ಲಿಸಿದರು, ಗೆದ್ದ ಮರುದಿನ ಅಧ್ಯಕ್ಷರ ಮೊಹರು, ಆ ಶಿಕ್ಕಾ, ಕಿಸೆಗೆ ಹಾಕಿಕೊಂಡು ತಾವೇ ಹೋಗಿ ನನ್ನ ಕುರ್ಚಿಯಲ್ಲಿ ಕೂತರು. ಅದನ್ನು ನಮ್ಮ ಮಗಳೇ ಊರ ಮುಂದೆ ಮೈಕಿನಲ್ಲಿ ಹಾಡುತ್ತಿದ್ದಾಳೆ. ಎದ್ದು ಹೋಗಿಬಿಡಲೇ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ನನ್ನ ಮೊಣಕೈ ಹಿಡಿದಳು. ಹೆಸರು ಕಾಶೆವ್ವ, ಹುಕ್ಕೇರಿ ಕಡೆಯ ಯಾವುದೋ ಪಂಚಾಯಿತಿಯ ಅಧ್ಯಕ್ಷೆಯಂತೆ.

"ಅಲ್ಲಾ ಅಕ್ಕಾರ, ನಮ್ಮ ಮನಿ ಸುದ್ದಿ ಈ ಹುಡುಗಿಗೆ ಯಾರ್ ಹೇಳ್ಯಾರಂತೀನಿ?"

ತ್ರಿಶಲಾ, ಆಗ ನನಗೆ ಬಂದ ನಗು ಮದುವೆಯಾದಾಗಿನಿಂದ ಬಂದಿರಲಿಲ್ಲ. ಅವಳೂ ನಕ್ಕಳು, ಏಕೆಂದು ಅವಳಿಗೆ ಗೊತ್ತಿರಲಿಲ್ಲ. ಮುಂದಿನ ಸಾಲಿನ ಕಾಲೇಜು ಹುಡುಗಿಯರು ಬೆಂಚಿನ ಮೇಲೆ ಹತ್ತಿ ನಿಂತರು, ನಮಗೆ ಕಾಣದಂತಾಯಿತೆಂದು ನಾವಿಬ್ಬರೂ ಹತ್ತಿದೆವು. ಹೊರಗೆ ಬರುವಾಗ ಒಂದು ಕ್ಯಾಸೆಟ್ಟು ಕೊಂಡು ಸೆರಗಿನಲ್ಲಿ ಸುತ್ತಿಕೊಂಡೆ. ನಿನ್ನನ್ನು ಮಾತಾಡಿಸದೆ ಬಂದದ್ದು ನಾಚಿಕೆಯಿಂದ ಅಂದುಕೊಳ್ಳಬೇಡ. ಮಾತಾಡಿಸಿದ್ದರೆ ಅತ್ತುಬಿಡುತ್ತಿದ್ದೆ. ಸುತ್ತ ಜನ ಇದ್ದರು.

ಮನೆಯಲ್ಲಿ ಅದನ್ನು ಅಕ್ಕಿಯ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಬಚ್ಚಿಟ್ಟು ಏನು ಬಂತು? ಕಬ್ಬಿನ ಹಂಗಾಮು. ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳೆಲ್ಲ ನಿನ್ನ ಧ್ವನಿ ಹೊತ್ತುಕೊಂಡು ಮನೆಯ ಮುಂದೆಯೇ ಹಾಯತೊಡಗಿದವು. ವಾರದೊಳಗೆ ಚಹಾದಂಗಡಿಯಲ್ಲಿ ಅದೇ, ಹಿಟ್ಟಿನ ಗಿರಣಿಯಲ್ಲಿ ಅದೇ, ಮೂಡಲಗಿ ಬಸ್ಸಿನ ಡ್ರೈವರನ ಹತ್ತಿರವೂ ಅದೇ. ಶಾಲೆಯ ಹುಡುಗರು ಹಾಡುತ್ತ ಬಂದು ನಮ್ಮ ಗೇಟಿನ ಹತ್ತಿರ ಮಾತ್ರ ಸುಮ್ಮನಾಗಿ, ದಾಟಿದ ಮೇಲೆ ಮತ್ತೆ ಶುರು ಮಾಡುತ್ತಿದ್ದರು.

ನಿನ್ನಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ಪರರು ಅಂದಿದ್ರ ತಡ್ಕೋತಿದ್ದೆ, ಹೊಟ್ಟ್ಯಾಗ ಹುಟ್ಟಿದಾಕಿ ಅಂದಾಳ" ಎಂದರು. ಮೂರನೆಯ ದಿನ ಮೋಟರ್‌ಸೈಕಲ್ ತೆಗೆದು ಗೋಕಾಕಕ್ಕೆ ಹೋದರು, ಕ್ಯಾಸೆಟ್ಟಿನ ಅಂಗಡಿಯವನಿಗೆ ಮಾರುವುದನ್ನು ನಿಲ್ಲಿಸು ಎಂದು ತಾಕೀತು ಮಾಡಲು. ಅವನಿಗೆ ಇವರ ಗುರುತಿಲ್ಲ. ಇವರು ಬಾಯಿ ತೆರೆಯುವ ಮೊದಲೇ, "ಖಾಲಿ ಖುರ್ಚಿ ಬೇಕೇನ್ರಿ ಸಾವಕಾರ್ರ? ಮುಗದೈತ್ರಿ. ಹೆಸರು ಬರಸಿ ಹೋಗ್ರಿ, ನಾಳೆ ಬರ್ತೈತಿ" ಎಂದನಂತೆ. ಜೊತೆಗೆ ಹೋಗಿದ್ದ ಸಾತಪ್ಪ, ನಮ್ಮ ಪಂಚಾಯಿತಿಯ ಜವಾನ, ನನಗೆ ಹೇಳಿದ್ದು ಇದು. ಇವರು ಮೋಟರ್‌ಸೈಕಲ್ ತಿರುಗಿಸಿಕೊಂಡು ಬಂದರಂತೆ.

ಈಗ ಮುಖ್ಯ ಸಂಗತಿ. ಜನವರಿಯ ಪಂಚಾಯಿತಿ ಸಭೆಯ ದಿನ ಬೆಳಿಗ್ಗೆ ಸೆಕ್ರೆಟರಿ ಎಂದಿನಂತೆ ಸಹಿಗೆಂದು ಪುಸ್ತಕ ಮನೆಗೆ ತಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ತೊಳೆದುಕೊಂಡು ಬಂದು, "ಅಲ್ಲೇ ಬಂದು ಮಾಡ್ತೇನ್ರಿ" ಎಂದೆ. ಹಾಗೆ ಹೇಳಬೇಕೆಂದು ಮೊದಲೇ ಯೋಚಿಸಿರಲಿಲ್ಲ. ಬಾಯಿಂದ ಬಂದುಬಿಟ್ಟಿತು. ಮಾತು ಬಂದ ಮೇಲೆ ಸೀರೆ ಬದಲಿಸಿ ಹೊರಟೆ. ದಾರಿಯಲ್ಲಿ ಸದಸ್ಯೆ ಉದ್ದವ್ವ ಸಿಕ್ಕಳು. ಅವಳೂ ಎರಡು ವರ್ಷದಿಂದ ಮನೆಯಲ್ಲೇ ಹೆಬ್ಬೆಟ್ಟು ಒತ್ತುವವಳು. ಎಲ್ಲಿಗೆಂದು ಕೇಳಿ, ಕೈಯಲ್ಲಿದ್ದ ಕೊಡವನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ನನ್ನ ಹಿಂದೆ ಬಂದಳು.

ಕಚೇರಿಯ ಒಳಗೆ ನಿನ್ನಪ್ಪ ನನ್ನ ಕುರ್ಚಿಯಲ್ಲಿದ್ದರು. ನನ್ನನ್ನು ನೋಡಿ, "ನೀ ಯಾಕ ಬಂದಿ? ಪುಸ್ತಕ ಕಳಿಸಿದ್ನೆಲ್ಲ" ಎಂದರು.

"ಮೀಟಿಂಗ್ ಐತಲ್ರಿ. ಬಂದೇನಿ."

ಸಾತಪ್ಪ ಇನ್ನೊಂದು ಕುರ್ಚಿ ತರಲು ಹೊರಟವನು ನನ್ನ ಮುಖ ನೋಡಿ ನಿಂತುಬಿಟ್ಟ. ಆಗ ಬಾಗಿಲಲ್ಲಿ ನಿಂತ ಉದ್ದವ್ವ, ಹಾಡಲೂ ಇಲ್ಲ, ರಾಗವೂ ಇಲ್ಲ, ಕಾಯಿಪಲ್ಲೆ ರೇಟು ಹೇಳಿದ ಹಾಗೆ, "ಬೋರ್ಡಿನ ಮ್ಯಾಲ ಹೆಸರ ಆಕಿದು" ಎಂದಳು. ಸದಸ್ಯರೆಲ್ಲ ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರ ಹೆಗಲು ಕುಣಿಯುತ್ತಿದ್ದವು. ನಿನ್ನಪ್ಪ ಎದ್ದರು, ಕಿಸೆಯಿಂದ ಶಿಕ್ಕಾ ತೆಗೆದು ಟೇಬಲ್ಲಿನ ಮೇಲಿಟ್ಟರು, ಹೊರಗೆ ಹೋದರು. ಮೋಟರ್‌ಸೈಕಲ್ ಮೂರನೆಯ ಒದೆತಕ್ಕೆ ಚಾಲೂ ಆಯಿತು.

ನಾನು ಕೂತೆ. ಶಾಲೆಯ ಹುಡುಗಿಯರ ಪಾಯಖಾನೆಗೆ ಬಾಗಿಲಿಲ್ಲವೆಂದು ಹೆಡ್ ಮಾಸ್ತರರು ಎರಡು ವರ್ಷದಿಂದ ಅರ್ಜಿ ಬರೆಯುತ್ತಿದ್ದರಂತೆ. ಆ ಅರ್ಜಿಗಳನ್ನು ನಾನು ಅಂದೇ ಮೊದಲು ನೋಡಿದ್ದು. ಹತ್ತು ನಿಮಿಷದಲ್ಲಿ ಬಾಗಿಲು ಹಾಕಿಸುವ ಠರಾವು ಪಾಸಾಯಿತು. ಬಾಗಿಲು ಕೂತು ವಾರವಾಯಿತು, ಹೋಗಿ ಚಿಲಕ ಹಾಕಿ ತೆಗೆದು ನೋಡಿ ಬಂದೆ.

ಇಲ್ಲೊಂದು ಮಾತು ನಿನಗೆ ಹೇಳಲೇಬೇಕು. ನಿನ್ನ ಹಾಡಿನಲ್ಲಿ ತಪ್ಪೆಲ್ಲ ಗಂಡನದೇ ಎಂಬಂತಿದೆ. ಪೂರ್ತಿ ಖರೆಯಲ್ಲ. ನಾನು ಹುಕ್ಕೇರಿಯಲ್ಲಿ ಮ್ಯಾಟ್ರಿಕ್ ಪಾಸಾದವಳು. ಓದದೆ ಸಹಿ ಮಾಡಿದ್ದು ನನಗೆ ಸಲೀಸಾಗಿತ್ತು, ಅದಕ್ಕೇ ಮಾಡಿದೆ. ಮುಂದೆ ಹಾಡು ಕಟ್ಟುವಾಗ ಇದನ್ನೂ ಸೇರಿಸು.

ಆ ದಿನ ಅವರು ನಮ್ಮ ನೇಮ ತಪ್ಪಿಸದೆ ಹೊತ್ತು ಮುಳುಗುವ ಮೊದಲು ಊಟಕ್ಕೆ ಬಂದರು. ಉಂಡು ಎದ್ದು ಪಡಸಾಲೆಗೆ ಹೋದರು. ನಾಲ್ಕು ದಿನ ಹಾಗೇ ಹೋಯಿತು. ಐದನೆಯ ದಿನ ತಾಟಿನ ಮುಂದೆ ಕೂತು, ನನ್ನ ಕಡೆ ನೋಡದೆ, ಪಂಚಾಯಿತಿಯಲ್ಲಿ ಬಾಕಿ ಬಿದ್ದ ಕೆಲಸದ ಮಾತೆತ್ತಿ, "ಮಡ್ಡಿ ರಸ್ತೇದ್ದು ಏನ್ ಮಾಡಾಕತ್ತಿ?" ಎಂದು ಕೇಳಿದರು. ಮಗಳೇ, ಇಪ್ಪತ್ತಾರು ವರ್ಷದಲ್ಲಿ ಆ ಮನುಷ್ಯ ನನಗೆ ಹೀಗೆ ಮಾಡು ಎಂದು ಹೇಳಿದ್ದುಂಟು, ಏನು ಮಾಡುತ್ತೀ ಎಂದು ಕೇಳಿದ್ದು ಅದೇ ಮೊದಲು. ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಪೇಪರಿನಲ್ಲಿ ನಿಮ್ಮ ಫೋಟೋ ಬಂದಿದೆ. ಪುಣೆಗೂ ಬೆಂಗಳೂರಿಗೂ ಕರೆದಿದ್ದಾರಂತೆ, ಓದಿ ಎದೆ ತುಂಬಿತು. ಹೋಗುವ ಮೊದಲು ಮೂವರೂ ಮನೆಗೆ ಬನ್ನಿ. ನಮ್ಮಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲವೆಂದು ಹುಡುಗರಿಗೆ ಮೊದಲೇ ಹೇಳು, ಹೋಳಿಗೆ ಮಾಡುತ್ತೇನೆ. ಕ್ಷಮೆ ಕೇಳಬೇಕಾದೀತೆಂದು ಹೆದರಿದ್ದರೆ ಹೆದರಬೇಡ. ಕೇಳಿದರೆ ನಾನೇ ಸಿಟ್ಟಾಗುತ್ತೇನೆ.

ಇಂತಿ ನಿನ್ನ ಅವ್ವ,
ಕಮಲಾಬಾಯಿ ಧನ್ಯಕುಮಾರ
ಅಧ್ಯಕ್ಷರು, ಗ್ರಾಮ ಪಂಚಾಯಿತಿ

ತಾ.ಕ.: ಗೋಕಾಕಕ್ಕೆ ಹೊರಟಿದ್ದೇನೆ, ಪತ್ರ ಕೊಡು, ಪೋಸ್ಟಿಗೆ ಹಾಕುತ್ತೇನೆ ಎಂದು ನಿನ್ನಪ್ಪ ಬಾಗಿಲಲ್ಲಿ ನಿಂತಿದ್ದಾರೆ. ಒಂದು ಮಾತು ಬರಿ ಎಂದು ಹೇಳುತ್ತಿದ್ದಾರೆ, ಅವರು ಅಂದಂತೆಯೇ ಬರೆಯುತ್ತಿದ್ದೇನೆ: "ಕ್ಯಾಸೆಟ್ಟಿನ ಎರಡನೇ ಬಾಜೂಕ ಹಳ್ಳದ ಬ್ರಿಜ್ಜಿನ ಹಾಡು ಐತೆಲ್ಲ, ಅದರಾಗ ಅಡಿಗಲ್ಲು ಎರಡು ಸಲ ಹಾಕ್ಯಾರಂತ ಅಂದೀರಿ. ತಪ್ಪು. ಮೂರು ಸಲ ಹಾಕ್ಯಾರ. ಮೂರನೇ ಸಲ ಟೆಂಗಿನಕಾಯಿ ಒಡದಾಂವ ನಾನ. ಹಾಡೋದಿದ್ರ ಸರಿಯಾಗಿ ಹಾಡಂತ ಹೇಳು."