ಹ್ಯಾಂಡಲ್ ಹೊಡೆಯುವ ಗಾಡಿ

೨೪ ಸೆಪ್ಟೆಂಬರ್, ಬುಧವಾರ
ಬೆಳಿಗ್ಗೆ ಎಂದಿನಂತೆ ಹಳೇ ಟ್ರ್ಯಾಕ್ಟರ್ ಒರೆಸಿದೆ. ಗ್ರೀಸ್ ಹಾಕಿದೆ. ಹ್ಯಾಂಡಲ್ ಮೂರು ಸುತ್ತು — ಸ್ಟಾರ್ಟ್. ಐದು ನಿಮಿಷ ಓಡಿಸಿ ನಿಲ್ಲಿಸಿದೆ. ಕೆಲಸವೇನೂ ಇರಲಿಲ್ಲ. ಆ ಸದ್ದು ಕೇಳದೆ ಕಾಫಿ ಇಳಿಯುವುದಿಲ್ಲ, ಅಷ್ಟೆ.
ಹನ್ನೊಂದಕ್ಕೆ ಮಗಳು ವೇಣಿಯ ಹೊಸ ಮಿನಿ ಟ್ರ್ಯಾಕ್ಟರ್ ಬಂತು. ಅವಳ ನರ್ಸರಿಗೆ. ಎಲೆಕ್ಟ್ರಾನಿಕ್ ಸಿಟಿ ಕಂಪನಿಗಳಿಗೆ ಗಿಡ, ಲಾನ್ ಹುಲ್ಲು ಕೊಡುವವಳು. ಸೆಲ್ಫ್ ಸ್ಟಾರ್ಟ್, ಪವರ್ ಸ್ಟೀರಿಂಗ್, ಮೊಬೈಲ್ ಚಾರ್ಜ್ ಮಾಡಲು ಒಂದು ತೂತು ಬೇರೆ. ಬಾನೆಟ್ ತಟ್ಟಿ ನೋಡಿದೆ — ಪ್ಲಾಸ್ಟಿಕ್. ನಮ್ಮದನ್ನು ತಟ್ಟಿದರೆ ಗೆಣ್ಣು ನೋಯುತ್ತದೆ.
ಶೆಡ್ಡಿನಲ್ಲಿ ಜಾಗ ಒಂದಕ್ಕೇ. ವೇಣಿ ಹಳೆಯದನ್ನು ನೋಡಿದಳು. ನನ್ನನ್ನು ನೋಡಿದಳು. ಬಾಯಿ ಬಿಡಲಿಲ್ಲ. ಬುದ್ಧಿವಂತೆ.

೨೮ ಸೆಪ್ಟೆಂಬರ್, ಭಾನುವಾರ
ಬಾಯಿ ಬಿಟ್ಟಳು. ಹೊಸದು ಮಳೆಯಲ್ಲಿ ನೆನೆಯುತ್ತಿದೆಯಂತೆ, ಹಳೆಯದನ್ನು ಗುಜರಿಗೆ ಕೊಡಬೇಕಂತೆ. ಮೈ ಉರಿದುಹೋಯಿತು. ಅಪ್ಪ ದ್ರಾಕ್ಷಿ ತೋಟಕ್ಕೆ ತಂದ ಗಾಡಿ. ದ್ರಾಕ್ಷಿ ಹೋಯಿತು, ಅರ್ಧ ತೋಟ ಇಂಡಸ್ಟ್ರಿಯಲ್ ಏರಿಯಾಗೆ ಹೋಯಿತು, ಇದು ಹೋಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅದರ ಸೀಟಿನಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬರು ಕೂತಿಲ್ಲ.
ಕೋಪದಲ್ಲಿ ಅಂದುಬಿಟ್ಟೆ. "ಹಬ್ಬ ಕಳೀಲಿ. ಮೇಲ್ಗಡೆ ಇಪ್ಪತ್ತು ಗುಂಟೆ ಒಂದೇ ಸಮ ಉತ್ತು ತೋರಿಸ್ತೀನಿ. ನಡುವೆ ಕೆಟ್ಟು ನಿಂತ್ರೆ ಗುಜರಿಯೋನ್ಗೆ ನಾನೇ ಫೋನ್ ಮಾಡ್ತೀನಿ."
"ಮಾತಂದ್ರೆ ಮಾತು, ಅಪ್ಪ."
ಹೆಂಡತಿ ಸೊಣ್ಣಮ್ಮ ಒಲೆ ಮುಂದಿನಿಂದಲೇ ಮಗಳಿಗೆ ಹೇಳಿದಳು, ನನಗೆ ಕೇಳಿಸಲಿ ಅಂತ. "ಎಂಡ್ತಿ ನೆಗಡಿ ಬಂದು ಮಲಗಿದ್ರೆ ತಿರುಗ್ನೋಡಲ್ಲ. ಅದ್ಕೆ ಒಂದನಿ ಬಿದ್ರೆ ಟಾರ್ಪಾಲ್ ಉಡುಕ್ತಾರೆ."

೩೦ ಸೆಪ್ಟೆಂಬರ್
ಹಿಂದಿನ ರೂಮಿನ ಬಾಡಿಗೆಯವನು ಮಲಕಪ್ಪ, ಯಾದಗಿರಿ ಕಡೆಯವನು, ಜಿಗಣಿಯಲ್ಲಿ ಲೇತ್ ಕೆಲಸ. ಡ್ಯೂಟಿ ಮುಗಿಸಿ ಬಂದು ಹಳೆಯದರ ಡೀಸೆಲ್ ಪೈಪ್ ಬಿಚ್ಚಿ ತೊಳೆದ. ವಾಷರ್ ತಾನೇ ಕಡೆದು ತಂದಿದ್ದ. ಕಬ್ಬಿಣ ಮುಟ್ಟುವ ರೀತಿ ಗೊತ್ತಿದೆ ಅವನಿಗೆ. "ಯಜಮಾನ್ರ, ಇಂಥಾ ಎರಕ ಈಗ ಸಿಗಂಗಿಲ್ರಿ," ಅಂದ. ಆಮೇಲೆ ಹೊಸದರ ಬಾನೆಟ್ಟೂ ಎತ್ತಿ ನೋಡಿ, ಅದೂ ಚಲೋ ಅದ ಅಂದ. ಅದು ಬೇಕಿರಲಿಲ್ಲ.

೧ ಅಕ್ಟೋಬರ್, ಆಯುಧಪೂಜೆ
ಎರಡನ್ನೂ ತೊಳೆದು ನಿಲ್ಲಿಸಿದೆವು. ಹೊಸದಕ್ಕೆ ವೇಣಿ ಹಾರ, ಬಾಳೆಕಂದು ಕಟ್ಟಿದಳು. ಹಳೆಯದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಬಾನೆಟ್ಟಿಗೆ ಮೂರು ಪಟ್ಟೆ ವಿಭೂತಿ. ಅರಿಶಿನ, ಗಂಧ ಗಟ್ಟಿಯಾಗಿ ಕಲಸಿ ಲೈಟಿಗೆ, ಚಕ್ರಕ್ಕೆ, ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಹೆಬ್ಬೆರಳಗಲ ಬೊಟ್ಟು. ಮೇಲೆ ಕುಂಕುಮ. ಹೊಸದಕ್ಕಿಂತ ಒಂದು ಕೈ ಜಾಸ್ತಿಯೇ. ಕುಂಬಳಕಾಯಿ ಒಡೆದು ನಿಂಬೆಹಣ್ಣಿನ ಮೇಲೆ ಹತ್ತಿಸಿದೆ. ಮದುಮಗನ ಹಾಗೆ ಕಾಣುತ್ತಿತ್ತು. ಯಾರಿಗೂ ಹೇಳಲಿಲ್ಲ.

೩ ಅಕ್ಟೋಬರ್, ಸಂಜೆ
ನಿಂತಿತು.
ನಾಲ್ಕನೇ ಸಾಲಿನಲ್ಲಿ. ಹತ್ತು ನಿಮಿಷ ಬಿಟ್ಟು ಹ್ಯಾಂಡಲ್ ಹೊಡೆದರೆ ಸ್ಟಾರ್ಟ್. ಮತ್ತೆ ಎರಡು ಸಾಲು, ಮತ್ತೆ ನಿಂತಿತು. ಹೀಗೆ ನಾಲ್ಕು ಸಲ. ವೇಣಿ ಹೊಸದರಲ್ಲಿ ಪಕ್ಕದ ತುಂಡು ಮುಗಿಸಿ ಬದುವಿನ ಮೇಲೆ ನಿಂತಿದ್ದಳು. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.
ಮಲಕಪ್ಪ ಓಡಿ ಬಂದ. ಅವನ ಮೇಲೆ ಹಾರಿದೆ. ಪೈಪ್ ಬಿಚ್ಚಿ ಕೆಡಿಸಿದವನು ನೀನೇ, ನಿನ್ನ ಕೈ ತಗುಲಿತಲ್ಲ ಹಾಳಾಯಿತು ಅಂದೆ. ಇನ್ನೂ ಏನೇನೋ ಅಂದೆ. ನರ್ಸರಿ ಆಳುಗಳೆಲ್ಲ ನೋಡುತ್ತಿದ್ದರು. ಅವನು ಸ್ಪ್ಯಾನರ್ ಒರೆಸಿ ಜೇಬಿಗಿಟ್ಟುಕೊಂಡು ಹೋದ.
ಗುಜರಿಯವನಿಗೆ ಫೋನ್ ಮಾಡಿದೆ.

೧೧ ಅಕ್ಟೋಬರ್, ಶನಿವಾರ
ಎಂಟು ದಿನ ಬರೆಯಲಿಲ್ಲ. ಏನು ಬರೆಯುವುದು... ಬೆಳಗಿನ ಕಾಫಿ ಬರೀ ಬಿಸಿನೀರು.
ಹೊಸದನ್ನು ಒಂದು ಸುತ್ತು ಓಡಿಸಿ ನೋಡಿ ಅಂದಳು ವೇಣಿ. ಓಡಿಸಿದೆ. ಒಪ್ಪಬೇಕು — ಸ್ಟೀರಿಂಗ್ ಒಂದು ಬೆರಳಲ್ಲಿ ತಿರುಗುತ್ತದೆ. ಸೊಂಟ ನೋಯಲಿಲ್ಲ. ಹಳೆಯದನ್ನು ಓಡಿಸಿದ ದಿನ ಭುಜಕ್ಕೆ ಎಣ್ಣೆ ಹಚ್ಚಬೇಕು. ಆದರೆ ಹೊಸದು ಏನೂ ಹೇಳುವುದಿಲ್ಲ. ಹಳೆಯದರಲ್ಲಿ ನೇಗಿಲು ಕಲ್ಲಿಗೆ ತಾಗಿದರೆ ನನ್ನ ಹಲ್ಲಿಗೆ ಗೊತ್ತಾಗುತ್ತದೆ.
ನಾಳೆ ಹತ್ತಕ್ಕೆ ಗುಜರಿಯವನು.

೧೨ ಅಕ್ಟೋಬರ್, ಭಾನುವಾರ
ಎಳೆದುಕೊಂಡು ಹೋಗುವುದು ಬೇಡ, ಗೇಟಿನ ತನಕ ನಾನೇ ಓಡಿಸುತ್ತೇನೆ ಅಂದೆ. ಕೊನೇ ಸಲ ಅಂತ ತೋಟ ಪೂರ್ತಿ ಸುತ್ತಿಸಿದೆ. ಗೇಟಿಗೆ ಹತ್ತು ಮಾರು ಇದ್ದ ಹಾಗೆ ನಿಂತಿತು.
"ಡೀಸೆಲ್ ಇಳಿಸ್ಕೊಳ್ಳಿ ಅಣ್ಣ, ನಮ್ಗ್ಯಾಕೆ," ಅಂದ ಗುಜರಿಯವನು. ಮುಚ್ಚಳ ತಿರುಗಿಸಿದೆ. ಉಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡಿತು.
ಮುಚ್ಚಳ ಕಣ್ಣಿನ ಹತ್ತಿರ ತಂದೆ. ಆ ಮುಚ್ಚಳದಲ್ಲಿ ಸಾಸಿವೆ ಗಾತ್ರದ ತೂತು ಇದೆ. ಡೀಸೆಲ್ ಇಳಿದಷ್ಟೂ ಅಲ್ಲಿಂದ ಗಾಳಿ ಹೋಗಬೇಕು, ಇಲ್ಲದಿದ್ದರೆ ಡೀಸೆಲ್ ಇಳಿಯುವುದಿಲ್ಲ. ಅದರ ಮೇಲೆ ನನ್ನ ಅರಿಶಿನದ ಬೊಟ್ಟು, ಸಿಮೆಂಟಿನ ಹಾಗೆ ಒಣಗಿದೆ. ನನ್ನ ಹೆಬ್ಬೆರಳ ಗುರುತು ಸಮೇತ.
ಪಿನ್ನಿನಲ್ಲಿ ಕೆರೆದೆ. ಹ್ಯಾಂಡಲ್ ಎರಡು ಸುತ್ತು. ಮುಕ್ಕಾಲು ಗಂಟೆ ಗೇಟಿನಲ್ಲೇ ಓಡಿತು. ಗುಜರಿಯವನಿಗೆ ಹಳೇ ಬೋರ್ ಪೈಪು ಕೊಟ್ಟು ಕಳಿಸಿದೆ.
"ಬೊಟ್ಟಿಡಾಕೋಗಿ ಮೂಗು ಮುಚ್ಚಿದ್ರಿ," ಅಂದಳು ಸೊಣ್ಣಮ್ಮ. ವೇಣಿ ಮಾತ್ರ ಬಿಡಲಿಲ್ಲ. ಇಪ್ಪತ್ತು ಗುಂಟೆ ಇನ್ನೂ ಅಲ್ಲೇ ಇದೆ, ಮುಂದಿನ ಭಾನುವಾರ ಉತ್ತು ತೋರಿಸಿ ಅಂದಳು. ಆಮೇಲೆ, "ಮಲಕಪ್ಪಣ್ಣಂಗೆ ಹೇಳಿದ್ರಾ?"

೧೩ ಅಕ್ಟೋಬರ್
ಮಲಕಪ್ಪನ ರೂಮಿಗೆ ಹೋದೆ. ರೊಟ್ಟಿ ತಟ್ಟುತ್ತಿದ್ದ. ಮುಚ್ಚಳದ ತೂತು ಮುಚ್ಚಿದ್ದು ನಾನೇ ಅಂದೆ. ವೇಣಿ ಅಕ್ಕಾರು ಹೇಳ್ಯಾರ ಅಂದ. ರೊಟ್ಟಿ ತಿರುವಿ ಹಾಕಿದ.
"ಬೈದಿದ್ದು ಎಲ್ಲಾರ ಮುಂದ. ಹೇಳಾಕ ಬಂದದ್ದು ಒಳಗ."
ಸಿಟ್ಟು ಬಂತು. ಎದ್ದು ಬಂದೆ. ಅವನು ಹೇಳಿದ್ದು ಸರಿ, ಅದಕ್ಕೇ ಸಿಟ್ಟು.

೧೯ ಅಕ್ಟೋಬರ್, ಭಾನುವಾರ, ಬೆಳಿಗ್ಗೆ ೯.೪೦, ಬದುವಿನ ಮೇಲೆ
ಹದಿನೈದು ಗುಂಟೆ ಆಯಿತು. ಒಂದು ಸಲವೂ ಕೆಟ್ಟಿಲ್ಲ. ವೇಣಿ ಆಗಲೇ ಶೆಡ್ಡಿಗೆ ಇನ್ನೊಂದು ಪಕ್ಕ ಶೀಟ್ ಇಳಿಸಲು ಅಳತೆ ತೆಗೆದಳು.
ಆಳುಗಳೆಲ್ಲ ನೋಡಲು ಬಂದಿದ್ದರು, ಅವತ್ತಿನವರೇ. ಮಲಕಪ್ಪ ಎಲ್ಲರ ಹಿಂದೆ. ನ್ಯೂಟ್ರಲ್‌ಗೆ ಹಾಕಿ ಇಳಿದೆ, ಎಂಜಿನ್ ಓಡುತ್ತಲೇ ಇತ್ತು. ಆ ಸದ್ದಿನ ಮೇಲೆ ಕೇಳಿಸಬೇಕಲ್ಲ, ಕೂಗಿಯೇ ಹೇಳಿದೆ. "ಮಲಕಪ್ಪ, ತಪ್ಪು ನಂದು. ಬಾ, ಗಾಡಿ ಹತ್ತು. ಇನ್ನೈದು ಗುಂಟೆ ನೀನೇ ಓಡ್ಸು."
ಸೊಣ್ಣಮ್ಮ ಬಾಯಿ ಮೇಲೆ ಸೆರಗಿಟ್ಟುಕೊಂಡಳು. ಅವನು ಸೀಟು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದ. ಮೊದಲು ಮುಚ್ಚಳ ನೋಡಿದ, ಬಡ್ಡಿಮಗ. ನಕ್ಕ.
ಇಷ್ಟು ದೂರದಿಂದ ಈ ಸದ್ದು ಕೇಳಿ ಎಷ್ಟು ವರ್ಷ... ಅಪ್ಪ ಉಳುವಾಗ ಇಲ್ಲೇ ಕೂತು ಕೇಳಿದ್ದು. ಚೆನ್ನಾಗಿದೆ.
ಅಲ್ಲಿ ನೋಡು, ತಿರುವಿನಲ್ಲಿ ಸಾಲು ಡೊಂಕು ಮಾಡಿಬಿಟ್ಟ. ಎಡಕ್ಕೆ, ಎಡಕ್ಕೆ ಅಂತ ಕೈ ಮಾಡಿದರೆ ನೋಡುವುದೇ ಇಲ್ಲ. ಎದ್ದು ಹೋಗಿ—