ಬೆಚ್ಚಗೊಳದ ಬಾಯಿಗೆ ಕಲ್ಲು ಹಾಕಿದವರಿಗೆ

ಬೆಚ್ಚಗೊಳ
ಸೆಪ್ಟೆಂಬರ್ ೩೧, ೨೧೩೧

ನೂರು ವರ್ಷದ ಹಿಂದಿನ ಬೆಚ್ಚಗೊಳದ ಹಿರಿಯರಿಗೆ ಕೊಳದ ಮನೆತನದ ಇಂದ್ರವ್ವ ಬರೆಯುವುದು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಿಮ್ಮ ಸೆಪ್ಟೆಂಬರಿಗೆ ಮೂವತ್ತೇ ದಿನ, ನಮ್ಮದಕ್ಕೆ ಒಂದು ಹೆಚ್ಚು. ಕ್ಯಾಲೆಂಡರನ್ನು ಯಾರೋ ತಿದ್ದಿದರು. ಯಾಕೆಂದು ನಮಗೆ ಯಾರೂ ಹೇಳಲಿಲ್ಲ. ಈ ಕಾಗದದಲ್ಲಿ ನೀವು ಕೇಳದ ಪದಗಳು ಬರುತ್ತವೆ. ಅದಕ್ಕಾಗಿ ಕ್ಷಮೆ ಕೇಳುತ್ತೇನೆ, ಅರ್ಥವನ್ನು ಅಲ್ಲಲ್ಲೇ ಹೇಳುತ್ತ ಹೋಗುತ್ತೇನೆ. ನಾನು ಕೇಳುವ ಕ್ಷಮೆ ಇದೊಂದೇ. ಮಿಕ್ಕಿದ್ದಕ್ಕೆಲ್ಲ ಕ್ಷಮೆ ಕೇಳಬೇಕಾದವರು ನೀವು.

ಇದು ಬೈಗುಳ ಪಕ್ಷ. ನೀವು ಇದನ್ನು ಪಿತೃಪಕ್ಷ ಎನ್ನುತ್ತಿದ್ದಿರಿ, ಸತ್ತವರಿಗೆ ಎಡೆ ಇಡುತ್ತಿದ್ದಿರಿ. ನಮ್ಮ ಕಾಲಕ್ಕೆ ಪದ್ಧತಿ ತಿರುವುಮುರುವಾಗಿದೆ. ಮಾಡಿದ ಅಡುಗೆಯನ್ನು ನಾವೇ ಉಣ್ಣುತ್ತೇವೆ. ಹಿರಿಯರಿಗೆ ಮನೆಗೊಂದು ಕಾಗದ ಬರೆದು, ಮಾಳಿಗೆ ಹತ್ತಿ ಗಟ್ಟಿಯಾಗಿ ಓದಿ ಸುಡುತ್ತೇವೆ. ಕೆಲವರು ಕಾಡು ಕಡಿದವರಿಗೆ ಬರೆಯುತ್ತಾರೆ, ಕೆಲವರು ಹೊಳೆಯ ಮರಳು ತಿಂದವರಿಗೆ. ನಮ್ಮ ಮನೆಯ ಕಾಗದ ಮೊದಲಿನಿಂದಲೂ ನಿಮಗೇ ಬರುತ್ತಿದೆ. ಒಮ್ಮೆಯಾದರೂ ನಿಮಗೆ ಬಿಕ್ಕಳಿಕೆ ಬಂದಿರಬೇಕು.

ಊರಿನ ಹೆಗ್ಗಳಿಕೆಯನ್ನು ನಾನು ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಅದನ್ನು ಹೇಳುವುದೇ ನನ್ನ ಉದ್ಯೋಗ. ಕೈ ಸೆಟೆದುಕೊಂಡಿದ್ದ ಒಬ್ಬ ರಾಣಿ ಈ ಬಿಸಿನೀರಿನ ಬುಗ್ಗೆಯಲ್ಲಿ ಮಿಂದು, ಅದೇ ಕೈಯಿಂದ ಗಂಡನಿಗೆ ಬಡಿಸಿದಳಂತೆ. ಕರಿಕಲ್ಲಿನ ಮೆಟ್ಟಿಲುಕೊಳ ಆಕೆಯದು. ಆಮೇಲೆ ಬಂದ ನವಾಬನು ಗುಮ್ಮಟದ ಹಮಾಮು ಕಟ್ಟಿಸಿ, ಬಿಸಿಲು ಚುಕ್ಕೆ ಚುಕ್ಕೆಯಾಗಿ ನೀರಿಗೆ ಬೀಳುವಂತೆ ಚಾವಣಿಗೆ ತೂತು ಬಿಡಿಸಿದ. ಕಾಲಿನ ಹೆಬ್ಬೆರಳು ಊದಿದ್ದ ಒಬ್ಬ ಬಿಳಿ ಸಾಹೇಬನು ಬಂಗಲೆ ಕಟ್ಟಿ, ನೀರಲ್ಲಿ ಕಾಲಿಳಿಬಿಟ್ಟುಕೊಂಡೇ ರುಜು ಹಾಕುತ್ತಿದ್ದನಂತೆ. ನಿಮ್ಮ ಕಾಲಕ್ಕೆ ಸಾಲು ಸಾಲು ಲಾಜುಗಳು, ಹರಳೆಣ್ಣೆ ತಿಕ್ಕುವ ಮಾಲೀಸಿನವರು, ಮಿಂದು ಬಂದವರಿಗೆ ಗಿರ್ಮಿಟ್ಟು, ಮಿರ್ಚಿ. ಗುಣವಾದವರು ಬಿಟ್ಟುಹೋದ ಊರುಗೋಲುಗಳನ್ನು ಗೋಡೆಗೆ ಒರಗಿಸಿದ ಓಣಿಗೆ ಕುಂಟರ ಓಣಿ ಎಂದೇ ಹೆಸರಾಯಿತು. ಆ ಕೋಲುಗಳನ್ನು ನನ್ನ ಅಜ್ಜಿಯ ಕಾಲದಲ್ಲಿ ಒಲೆಗೆ ಹಾಕಿದರು.

ನೀರಿಗೆ ಒಂದು ಪದ್ಧತಿ ಇತ್ತು. ನೋವು ಇಳಿದವರು ಹಳ್ಳದಿಂದ ಒಂದು ಗುಂಡುಕಲ್ಲು ತಂದು, ನೋಯುತ್ತಿದ್ದ ಕೀಲಿಗೆ ಒತ್ತಿ ಹಿಡಿದು, ಬುಗ್ಗೆಯ ಬಾಯಿಗೆ ಹಾಕುತ್ತಿದ್ದರು. ನೋವನ್ನು ನೀರಿಗೆ ಒಪ್ಪಿಸುವುದು ಎನ್ನುತ್ತಿದ್ದರು ಅದಕ್ಕೆ. ಒಪ್ಪಿಸಿದ್ದನ್ನು ಹೊರುವವರು ನಮ್ಮ ಮನೆಯವರು. ಆಷಾಢ ಬಂತೆಂದರೆ ತಿಂಗಳು ಪೂರ್ತಿ ಕೊಳ ಮುಚ್ಚಿ, ತೂಬು ತೆಗೆದು ನೀರಿಳಿಸಿ, ಕಾಲಿಗೆ ಗೋಣಿ ಸುತ್ತಿಕೊಂಡು ಕೆಳಗಿಳಿದು ವರ್ಷದ ಕಲ್ಲನ್ನೆಲ್ಲ ಮೇಲೆ ತರುತ್ತಿದ್ದರು. ಬಾಯಿ ಬಿಡಿಸುವುದು ಎಂದು ಆ ಕೆಲಸದ ಹೆಸರು. ಕಲ್ಲು ಹಾಕುವವರಿಗೆ ಹೂವು, ಆರತಿ. ತೆಗೆಯುವವರಿಗೆ ಸುಟ್ಟ ಅಂಗಾಲು. ಆದರೂ ತಲೆತಲಾಂತರ ನಡೆಯಿತು, ನೀರೂ ನಡೆಯಿತು.

ನಿಮಗೆ ಮಾತ್ರ ಅದು ಸರಿಬರಲಿಲ್ಲ. ಲಾಜು ತುಂಬಿರುವಾಗ ತಿಂಗಳು ಪೂರ್ತಿ ಕೊಳ ಮುಚ್ಚುವುದೇ? ಈ ಆಷಾಢ ಬೇಡ, ಮುಂದಿನ ವರ್ಷ ನೋಡೋಣ ಎಂದು ವರ್ಷ ವರ್ಷವೂ ಮುಂದೂಡಿದಿರಿ. ಅಂಗಡಿಗಳಲ್ಲಿ ಬಣ್ಣ ಬಳಿದ, ಹೆಸರು ಬರೆದ ಕಲ್ಲುಗಳು ಬಂದವು. ಮೊಣಕಾಲಿಗೊಂದು, ಸೊಂಟಕ್ಕೊಂದು, ಊರಲ್ಲಿರುವ ಅತ್ತೆಯ ಭುಜಕ್ಕೊಂದು. ನನ್ನ ಮುತ್ತಜ್ಜ ದುಂಡಪ್ಪ ಕೊಳದ ಕಮಿಟಿಯ ಮುಂದೆ ಹೋಗಿ ಬೇಡಿಕೊಂಡ. ಅಧ್ಯಕ್ಷ ರಾಚಣ್ಣ ಕೇಳಿದನಂತೆ: "ಭಕ್ತರು ಕೊಟ್ಟಿದ್ದನ್ನ ತಗದು ಹೊಲಕ್ಕ ಒಗೀತೀಯೇನು? ಪಾಪ ಅಲ್ಲೇನೋ ದುಂಡಪ್ಪ?" ಮುತ್ತಜ್ಜ ಹೇಳಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಬಾಯಿಪಾಠ: "ಸಾಹೇಬ್ರ, ಗಂಟಲಾಗ ಹೂವು ತುರುಕಿದ್ರೂ ಉಸಿರು ಕಟ್ಟತೈತ್ರಿ." ನೀವು ನಕ್ಕಿರಿ. ಚೆನ್ನಾಗಿ ಮಾತಾಡುತ್ತಾನೆಂದು ಅವನಿಗೆ ಶಾಲು ಹೊದಿಸಿ ಮನೆಗೆ ಕಳಿಸಿದಿರಿ.

ನೀರು ಮೊದಲು ಉಗುರುಬೆಚ್ಚಗಾಯಿತು, ಆಮೇಲೆ ತಣ್ಣಗಾಯಿತು. ಬುಗ್ಗೆಯ ದೇವಿ ಮುನಿದಳು ಎಂದುಕೊಂಡು ನೀವು ಇನ್ನಷ್ಟು ಕಲ್ಲು ಹಾಕಿದಿರಿ. ಒಂದು ಬೇಸಿಗೆಯಲ್ಲಿ ಮೆಟ್ಟಿಲುಗಳೆಲ್ಲ ಕಂಡವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಯಂತ್ರ ತರಿಸಿ ಬಾಯಿ ಬಗೆದಿರಿ. ನೀರು ಅಷ್ಟು ಹೊತ್ತಿಗೆ ಬೇರೆ ದಾರಿ ಹಿಡಿದಿತ್ತು. ವೈರಿಗಳು ಹಾಳು ಮಾಡಿದ್ದರೆ ನಮಗೆ ಇಷ್ಟು ಉರಿಯುತ್ತಿರಲಿಲ್ಲ. ಕೈಮುಗಿದುಕೊಂಡು ಕೊಂದಿರಲ್ಲ, ಅದಕ್ಕೆ ನನ್ನ ಸಿಟ್ಟು.

ಈಗಿನ ಊರು ಹೇಗಿದೆ ಎಂದು ಕೇಳುವ ಮುಖ ನಿಮಗಿಲ್ಲ, ನಾನೇ ಹೇಳುತ್ತೇನೆ. ಹೊತ್ತೇರಿದಾಗಿನಿಂದ ಸಂಜೆಯವರೆಗೆ ಉರಿಹೊತ್ತು. ಆ ಹೊತ್ತಿನಲ್ಲಿ ಹೊರಗೆ ನಾಯಿಯೂ ಅಡ್ಡಾಡುವುದಿಲ್ಲ. ಮನೆಮನೆಗೆ ನೀರ್ಪಾಳಿ, ಅಂದರೆ ಪಾಳಿ ಬಂದಾಗಷ್ಟೇ ನಲ್ಲಿ ಬಾಯಿ ಬಿಡುತ್ತದೆ. ಲಾಜುಗಳ ಕತ್ತಲೆ ಕೋಣೆಗಳಲ್ಲಿ ಅಣಬೆ ಬೆಳೆಯುತ್ತಾರೆ. ರಾಣಿಯ ಕೊಳವನ್ನು ನೆನಪುಕೊಳ ಮಾಡಿದ್ದಾರೆ: ಅದದೇ ನೀರನ್ನು ಬಿಸಿಲುಫಲಕದಿಂದ ಕಾಯಿಸಿ, ಸುತ್ತಿಸಿ ಸುತ್ತಿಸಿ ಬಿಡುತ್ತಾರೆ. ನಾನು ಇಳಕಲ್ಲ ಸೀರೆ ಉಟ್ಟು ಅದರ ದಂಡೆಯಲ್ಲಿ ನಿಂತು, ಬಂದವರಿಗೆ ಊರಿನ ಚರಿತ್ರೆ ಹೇಳುತ್ತೇನೆ. ಅವರು ಬರುವ ಮೊದಲು ಬಾಟಲಿಯಿಂದ ಗಂಧಕದ ವಾಸನೆಯನ್ನು ನೀರಿಗೆ ಬೆರೆಸುವವಳೂ ನಾನೇ. ಕೊಳದ ಮನೆತನದ ಕೊನೆಯ ಸೇವೆ ಇದು.

ಹೋದ ಚಳಿಗಾಲದಲ್ಲಿ, ಊರಿಂದ ದೂರ ಒಂದು ಕಡೆ, ಬೀದಿನಾಯಿಗಳು ಬಿಡದೆ ಒಂದೇ ಜಾಗದಲ್ಲಿ ಒತ್ತೊತ್ತಾಗಿ ಮಲಗಿರುವುದನ್ನು ಕಂಡೆ. ಅವನ್ನು ಎಬ್ಬಿಸಿ ನೆಲ ಮುಟ್ಟಿದೆ. ಬೆಚ್ಚಗಿತ್ತು. ಹಾರೆ ತಂದು ಕೆದಕಿದೆ. ಹೆಬ್ಬೆರಳು ಗಾತ್ರದ ನೀರು ಮೇಲೆ ಬಂತು. ಇಷ್ಟು ವರ್ಷ ಬಾಟಲಿಯಲ್ಲಿ ಮೂಸಿದ್ದ ವಾಸನೆ ಮೊದಲ ಸಲ ಮಣ್ಣಿನಿಂದ ಬಂದಾಗ ನಾನು ಅಲ್ಲೇ ಕೂತು ಹುಚ್ಚಿಯ ಹಾಗೆ ನಕ್ಕೆ. ಯಾರಿಗೂ ಹೇಳಲಿಲ್ಲ.

ಶ್ರಾವಣದಲ್ಲಿ ಮಗಳು ಮಾಣಿಕಾ ಹೆತ್ತಳು. ಹೆರಿಗೆ ಕಠಿಣವಾಗಿ ಸೊಂಟ ಹಿಡಿದುಕೊಂಡಿತು. ಎದ್ದು ನಿಲ್ಲಲಾರಳು, ಕೂಸನ್ನು ಎತ್ತಿಕೊಳ್ಳಲಾರಳು. ನಿಮ್ಮ ಕಾಲದಲ್ಲಿ ಬಾಣಂತಿಯ ಬೆನ್ನಿಗೆ ಕೊಡಗಟ್ಟಲೆ ಬಿಸಿನೀರು ಸುರಿಯುತ್ತಿದ್ದರಂತೆ, ಮೈ ಸಡಿಲವಾಗುವ ತನಕ. ನೀರ್ಪಾಳಿಯಲ್ಲಿ ಬಾಣಂತಿಗೆ ಸಿಗುವುದು ಒಂದು ಒದ್ದೆ ಟವೆಲು. ಮಗಳು ಗೋಡೆಗೆ ಮುಖ ಮಾಡಿ ಅಳುವುದನ್ನು ಎಷ್ಟು ದಿನ ನೋಡಲಿ? ನಸುಕಿನಲ್ಲಿ ಅವಳನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಆ ಜಾಗಕ್ಕೆ ಕರೆದೊಯ್ದೆ. ತಂಬಿಗೆಯಿಂದ ಮೊಗೆದು ಮೊಗೆದು ಸುರಿದೆ. ದಿನವೂ ಹೋದೆವು. ಒಂದು ಮುಂಜಾನೆ ನನ್ನ ಹೆಗಲು ಹಿಡಿದು ಎದ್ದಳು, ಹೆಗಲು ಬಿಟ್ಟು ನಿಂತಳು, ಕೂಸನ್ನು ತಾನೇ ಎತ್ತಿಕೊಂಡಳು. ಜೀವಮಾನದಲ್ಲಿ ನಾನು ಅಷ್ಟು ಸುಖ ಕಂಡಿಲ್ಲ.

ಆಮೇಲೆ ಕೂಸನ್ನು ನನ್ನ ಕೈಗಿತ್ತು ಸುತ್ತ ನೋಡಿದಳು. ಒಂದು ಗುಂಡುಕಲ್ಲು ಹೆಕ್ಕಿ ಸೊಂಟಕ್ಕೆ ಒತ್ತಿಕೊಂಡಳು. ನಾನು ಅದನ್ನು ಎಂದೂ ಅವಳಿಗೆ ಮಾಡಿ ತೋರಿಸಿರಲಿಲ್ಲ. ಕಣ್ಣು ಮುಚ್ಚಿ, ನೀರಿನ ಬಾಯಿಯ ಮೇಲೆ ಕೈ ಚಾಚಿದಳು. ನಾನು ಆ ಕೈಗೆ ಹೊಡೆದೆ. ಬಾಣಂತಿಯ ಕೈಗೆ. ಕಲ್ಲು ಅತ್ತ ಹಾರಿತು, ಕೂಸು ಕಿರುಚಿತು. "ಒಂದ ಕಲ್ಲು, ಅವ್ವಾ," ಎಂದಳು ಅಳುತ್ತ, "ಈ ನೀರು ನನ್ನ ಎಬ್ಬಿಸಿ ನಿಲ್ಲಿಸೇತಿ, ಒಂದ ಹಾಕಿದ್ರ ಏನಾಗತೈತಿ?"

ಅವಳ ದನಿಯಲ್ಲಿ ನೀವೆಲ್ಲ ಇದ್ದಿರಿ.

ನೀರು ತಣ್ಣಗಾಗುವುದು ನಿಮಗೆ ಮುಂದಿನ ಮಾತು, ನಿಮ್ಮಲ್ಲಿ ಕೊಳ ಇನ್ನೂ ಬಿಸಿಯಾಗಿದೆ. ಒಂದು ಕೋರಿಕೆ: ಈ ಆಷಾಢದಲ್ಲಿ ಬಾಗಿಲು ಹಾಕಿ, ಕೆಳಗಿಳಿದು, ನಿಮ್ಮ ನಿಮ್ಮ ಕಲ್ಲನ್ನು ನೀವೇ ತೆಗೆಯಿರಿ. ಅಂಗಾಲು ಸುಡಲಿ. ನೀವು ತೆಗೆಯಲಿಲ್ಲ ಎಂಬುದು ನನಗೆ ಗೊತ್ತು. ತೆಗೆದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಆದರೂ ಕೇಳುತ್ತೇನೆ.

ಈ ಸಲದ ಕಾಗದವನ್ನು ಗಟ್ಟಿಯಾಗಿ ಓದುವುದಿಲ್ಲ, ಸುಮ್ಮನೆ ಸುಡುತ್ತೇನೆ. ಮಗಳು ಕೆಳಗೆ ಮಲಗಿದ್ದಾಳೆ. ಅವಳಿಗೆ ಪೂರ್ತಿ ಗುಣವಾಗಿಲ್ಲ, ಇನ್ನೂ ಕೆಲವು ದಿನ ಎರೆಯಬೇಕಿತ್ತು. ಆ ಮುಂಜಾನೆಯ ಮರುದಿನ ನಾನೊಬ್ಬಳೇ ಹೋಗಿ, ನೀರಿನ ಸುತ್ತ ಜಾಲಿಮುಳ್ಳು ಹರವಿ ಬಂದೆ. ನಿನ್ನೆ ಕೇಳಿದಳು, "ಅವ್ವಾ, ನೀರಿಗೆ ಯಾವಾಗ ಹೋಗೂಣು?" ಬತ್ತಿತು ಮಗಳೇ ಎಂದೆ. ಅವಳು ನಂಬಿದಳು.